ಮಕ್ಕಳ ಮೊದಲ ಗಾಳಕ್ಕೆ ಯಾವ ದಡ? ನೀಲಗಿರಿಯ ಟ್ರೌಟ್‌ನಿಂದ ಊರ ಕೆರೆಯ ಜಿಲೇಬಿಯವರೆಗೆ

ಯಾವುದೋ ದೂರದ ದೇಶದ ಹೊಳೆಯ ದಂಡೆಯಲ್ಲಿ ಪುಟ್ಟ ಹುಡುಗನೊಬ್ಬ ಟ್ರೌಟ್ ಮೀನನ್ನು ಎತ್ತಿ ಹಿಡಿದು ನಗುತ್ತಿದ್ದ ವಿಡಿಯೊ ನೋಡಿ ನನ್ನ ಮಗಳು ಕೇಳಿದಳು: "ಅಪ್ಪಾ, ಈ ಮೀನು ನಮ್ಮೂರಲ್ಲಿ ಎಲ್ಲಿ ಸಿಗುತ್ತದೆ?" ಆಗ ಅವಳಿಗೆ ಆರು ವರ್ಷ. ನಮ್ಮೂರಲ್ಲಿ ಸಿಗುವುದಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿ ನಾಲ್ಕು ವರ್ಷ ಅವಳನ್ನೂ ಅಕ್ಕನ ಮಗನನ್ನೂ ಕರೆದುಕೊಂಡು ಬೆಂಗಳೂರಿನ ಸುತ್ತಮುತ್ತ ಹಲವು ದಡಗಳಲ್ಲಿ ಕುಳಿತಿದ್ದೇನೆ. ಮಕ್ಕಳನ್ನು ಮೊದಲ ಬಾರಿ ಗಾಳಕ್ಕೆ ಕರೆದೊಯ್ಯಬೇಕೆನ್ನುವ ತಂದೆತಾಯಂದಿರು ಈಗ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿಗೆ ಹೋಗುವುದು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಂಟು ವರ್ಷದೊಳಗಿನ ಮಗುವಿಗಾಗಿ ಮೀನನ್ನು ಆರಿಸಬೇಡಿ, ದಡವನ್ನು ಆರಿಸಿ. ನೆಲ ಸಮತಟ್ಟಾಗಿರಬೇಕು, ಅಂಚಿನಲ್ಲಿ ನೀರು ಮೊಣಕಾಲುದ್ದಕ್ಕಿಂತ ಹೆಚ್ಚಿರಬಾರದು, ಹತ್ತು ನಿಮಿಷಕ್ಕೊಮ್ಮೆಯಾದರೂ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಸಿದ ಬೆಂಡು ಅಲುಗಬೇಕು. ಈ ಮೂರೂ ಕೂಡಿ ಬರುವುದು ಅನುಮತಿ ಪಡೆದ ಹಳ್ಳಿಯ ಕೆರೆಯಲ್ಲಿ. ಅದು ಸಿಗದಿದ್ದರೆ, ಚೆನ್ನಾಗಿ ನೋಡಿ ಆರಿಸಿದ ಖಾಸಗಿ ಹೊಂಡ. ಟ್ರೌಟ್ ಆಮೇಲಿನದು.

ಟ್ರೌಟ್ ಏಕೆ ಆಮೇಲೆ

ಟ್ರೌಟ್ ತಣ್ಣೀರಿನ ಮೀನು. ನೀರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಿತ. 20 ಡಿಗ್ರಿ ದಾಟಿದರೆ ಅದು ಬಳಲುತ್ತದೆ, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ನಿಜ. ಆದರೆ ನಮ್ಮ ಕೆರೆಗಳು ವರ್ಷವಿಡೀ ಟ್ರೌಟ್ ಬಾಳುವಷ್ಟು ತಣ್ಣಗಿರುವುದಿಲ್ಲ. ನಮಗೆ ಹತ್ತಿರದ ಟ್ರೌಟ್ ಇರುವುದು ನೀಲಗಿರಿಯಲ್ಲಿ, ಎರಡು ಸಾವಿರ ಮೀಟರ್ ಎತ್ತರದ ತೊರೆ ಮತ್ತು ಜಲಾಶಯಗಳಲ್ಲಿ. ಅಲ್ಲಿಯೂ ಅದು ಹುಟ್ಟು ನಿವಾಸಿಯಲ್ಲ. 1863ರಲ್ಲಿ ಬ್ರಿಟಿಷ್ ಮೀನು ತಜ್ಞ ಫ್ರಾನ್ಸಿಸ್ ಡೇ ಅಲ್ಲಿಗೆ ಟ್ರೌಟ್ ತರಲು ಪ್ರಯತ್ನಿಸಿ ಸೋತರು. 1907ರ ಸುಮಾರಿಗೆ ಮದ್ರಾಸ್ ಸರ್ಕಾರದ ಮೀನು ಸಾಕಣೆ ತಜ್ಞ ಎಚ್.ಸಿ. ವಿಲ್ಸನ್ ಅವರ ಕಾಲದಲ್ಲಿ ಊಟಿ ಬಳಿಯ ಅವಲಾಂಚಿಯಲ್ಲಿ ಮರಿ ಬೆಳೆಸುವ ಕೇಂದ್ರವಾಗಿ, ಉತ್ತರ ಅಮೆರಿಕ ಮೂಲದ ರೇನ್‌ಬೋ ಟ್ರೌಟ್ ಅಲ್ಲಿ ನೆಲೆಯೂರಿತು.

ಮಕ್ಕಳೊಂದಿಗೆ ಹೋಗುವವರಿಗೆ ದೂರವೊಂದೇ ಅಡ್ಡಿಯಲ್ಲ. ಟ್ರೌಟ್ ಕಣ್ಣಿನಿಂದ ಬೇಟೆಯಾಡುವ ಮೀನು. ತಿಳಿನೀರಿನಲ್ಲಿ ದಡದ ಮೇಲೆ ನೆರಳು ಆಡಿದರೆ ಸಾಕು, ಬಂಡೆಯ ಮರೆ ಸೇರಿಬಿಡುತ್ತದೆ. ನೆಲದ ಮೇಲಿನ ಹೆಜ್ಜೆಯ ಅದುರು ಕೂಡ ಅದಕ್ಕೆ ತಿಳಿಯುತ್ತದೆ. ಐದು ವರ್ಷದ ಮಗುವಿಗೆ ಓಡಬೇಡ, ಮಾತನಾಡಬೇಡ, ಕಲ್ಲು ಎಸೆಯಬೇಡ ಎಂದು ಒಂದು ಗಂಟೆ ಹೇಳುತ್ತ ಕೂತರೆ ಆ ದಿನ ಯಾರಿಗೂ ಸುಖವಿಲ್ಲ. ನಮ್ಮ ಕೆರೆಗಳ ಜಿಲೇಬಿ ಮೀನಿಗೆ, ಅಂದರೆ ತಿಲಾಪಿಯಾಗೆ, ಇಂಥ ಬಿಗುಮಾನವಿಲ್ಲ. ಮಕ್ಕಳು ದಡದಲ್ಲಿ ಕುಣಿಯುತ್ತಿರುವಾಗಲೇ ಬಂದು ಹಿಟ್ಟು ಕಚ್ಚುತ್ತದೆ.

ಆದರೂ ಟ್ರೌಟ್ ಬೇಡವೆಂದು ನಾನು ಹೇಳಲಾರೆ. ಅಕ್ಕನ ಮಗನಿಗೆ ಒಂಬತ್ತು ತುಂಬಿದ ವರ್ಷ ಅನುಮತಿ ಚೀಟಿ ಮಾಡಿಸಿಕೊಂಡು ನೀಲಗಿರಿಗೆ ಹೋದೆವು. ಎರಡು ಬೆಳಗಿನ ಪ್ರಯತ್ನಕ್ಕೆ ಸಿಕ್ಕಿದ್ದು ಒಂದೇ ಒಂದು, ಗೇಣುದ್ದದ ಮೀನು. ಹುಡುಗ ಕೈ ಒದ್ದೆ ಮಾಡಿಕೊಂಡು ಅದನ್ನು ನೀರಿನೊಳಗೇ ಹಿಡಿದ. ಪಕ್ಕೆಯುದ್ದಕ್ಕೂ ಗುಲಾಬಿ ಪಟ್ಟೆ, ಬೆನ್ನ ತುಂಬ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ. "ಮಾವ, ಇದು ಫ್ರಿಜ್‌ನಿಂದ ತೆಗೆದ ಹಾಗೆ ತಣ್ಣಗಿದೆ" ಎಂದ. ಆ ತಣ್ಣನೆಯ ಸ್ಪರ್ಶ ಅವನಿಗೆ ಇವತ್ತಿಗೂ ನೆನಪಿದೆ. ಆದರೆ ಆರು ವರ್ಷದ ಮಗಳು ಆ ಎರಡೂ ಬೆಳಗು ಚಳಿಗೆ ಮುದುಡಿ ಕಾರಿನಲ್ಲೇ ಕುಳಿತಿದ್ದಳು.

ಹೋಗುವವರಿಗೆ ಕೆಲವು ವಿಷಯ. ಬೆಂಗಳೂರಿನಿಂದ ಊಟಿ ಸುಮಾರು 270 ಕಿಲೋಮೀಟರ್. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಆದ್ದರಿಂದ ಮಗುವನ್ನು ರಾತ್ರಿ ಕಾರಿನಲ್ಲಿ ಮಲಗಿಸಿಕೊಂಡು ಹೋಗುವ ಉಪಾಯ ಆ ದಾರಿಯಲ್ಲಿ ನಡೆಯುವುದಿಲ್ಲ. 2024ರ ಮೇ ತಿಂಗಳಿನಲ್ಲಿ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ವ್ಯವಸ್ಥೆ ಬಂದಿದೆ. ಗಾಳ ಹಾಕಲು ತಮಿಳುನಾಡು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ಹಲವು ಟ್ರೌಟ್ ನೀರುಗಳು ಅರಣ್ಯದೊಳಗಿರುವುದರಿಂದ ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕಾಗುತ್ತದೆ. ಹೊರಡುವ ವಾರ ಮೊದಲೇ ವಿಚಾರಿಸಿ. ಗೇಟಿನ ಬಳಿ ಹೋಗಿ ಮಗುವನ್ನು ನಿರಾಶೆಗೊಳಿಸಬೇಡಿ. ಮುನ್ನಾರಿನ ಬೆಟ್ಟಗಳಲ್ಲೂ ಟ್ರೌಟ್ ಇದೆ, ಆದರೆ ಅಷ್ಟು ದೂರದ ಘಟ್ಟದ ದಾರಿ ಸಣ್ಣ ಮಕ್ಕಳಿಗಲ್ಲ. ಕಾಶ್ಮೀರಕ್ಕೋ ಕುಲುವಿಗೋ ಹೇಗೂ ಪ್ರವಾಸ ಹೊರಟಿದ್ದರೆ ಮಾತ್ರ ಅಲ್ಲಿನ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು ಒಂದು ಬೆಳಗನ್ನು ಇದಕ್ಕೆ ಮೀಸಲಿಡಿ.

ನಗರದ ಕೆರೆ: ನೋಡಲು ಹೌದು, ಗಾಳಕ್ಕೆ ಅಲ್ಲ

ಮನೆಯ ಪಕ್ಕದಲ್ಲೇ ಕೆರೆಯಿರುವಾಗ ದೂರ ಏಕೆ ಎಂದು ಅನ್ನಿಸುವುದು ಸಹಜ. ಆದರೆ ನಗರದ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಗುತ್ತಿಗೆದಾರರದ್ದು. ಅಭಿವೃದ್ಧಿಪಡಿಸಿದ ಹೆಚ್ಚಿನ ಕೆರೆಗಳಲ್ಲಿ ಸಾರ್ವಜನಿಕರು ಗಾಳ ಹಾಕುವಂತಿಲ್ಲ ಎಂದು ಫಲಕವೇ ಇರುತ್ತದೆ. ನೀರಿನ ಮಾತು ಬೇರೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸತ್ತ ಮೀನುಗಳು ರಾಶಿರಾಶಿಯಾಗಿ ತೇಲಿದ್ದನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಚರಂಡಿ ನೀರು ಸೇರುವ ಕೆರೆಯಲ್ಲಿ ಕೈಯಾಡಿಸಿದ ಮಗು ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತದೆ. ಇಲಿ ಜ್ವರದಂಥ ಕಾಯಿಲೆ ನೀರಿನ ಮೂಲಕವೇ ಬರುವುದು.

ಆದರೆ ಒಂದು ಪ್ರಯೋಜನವಿದೆ. ಗುತ್ತಿಗೆಯವರು ಬೆಳಿಗ್ಗೆ ಬಲೆ ಎಳೆಯುವ ದಿನ ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ. ತೆಪ್ಪ, ಬಲೆ, ಬುಟ್ಟಿಯಲ್ಲಿ ಪಟಪಟನೆ ಬಡಿಯುವ ಕಾಟ್ಲಾ ಮತ್ತು ರೋಹು, ಮೇಲೆ ಸುತ್ತುವ ಹದ್ದು. ಮಗುವಿಗೆ ಇದರಲ್ಲಿ ಆಸಕ್ತಿ ಇದೆಯೋ, ಮೀನು ಒದ್ದಾಡುವುದನ್ನು ಕಂಡು ಅಳು ಬರುತ್ತದೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅಳುವ ಮಗುವನ್ನು ಬಲವಂತಪಡಿಸಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೀನು ತಿನ್ನುವುದಿಲ್ಲ, ಹಿಡಿಯುವುದೂ ಒಪ್ಪಿತವಲ್ಲ. ಅಂಥ ಮನೆಯ ಮಕ್ಕಳಿಗೆ ಶೃಂಗೇರಿಯ ತುಂಗೆಯಲ್ಲೋ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಯಲ್ಲೋ ದೇವರ ಮೀನುಗಳನ್ನು ಮೆಟ್ಟಿಲ ಮೇಲೆ ನಿಂತು ನೋಡುವುದು ಯಾವ ಗಾಳಕ್ಕೂ ಕಡಿಮೆಯಲ್ಲ.

ಜಲಾಶಯ ಮತ್ತು ಕಾವೇರಿ

ಇವೆರಡನ್ನೂ ಬೇಗ ಬದಿಗಿಡುತ್ತೇನೆ. 1933ರ ತಿಪ್ಪಗೊಂಡನಹಳ್ಳಿ ಜಲಾಶಯ ಕುಡಿಯುವ ನೀರಿಗಾಗಿ ಕಟ್ಟಿದ್ದು. ಅಲ್ಲಿ ಗಾಳದ ವಿಚಾರವೇ ಬೇಡ. ಮಂಚನಬೆಲೆಯ ದಡ ನೋಡಲು ಸುಂದರ, ಆದರೆ ಅಲ್ಲಿ ನೀರಿಗಿಳಿದು ಮುಳುಗಿದವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಜಲಾಶಯದ ದಂಡೆ ಎಂದರೆ ಮುಳುಗಿದ ಗುಡ್ಡದ ಇಳಿಜಾರು. ಎರಡು ಹೆಜ್ಜೆ ಮೊಣಕಾಲುದ್ದ, ಮೂರನೆಯದು ಆಳ. ಮೇಲಾಗಿ ಅಷ್ಟು ದೊಡ್ಡ ನೀರಿನಲ್ಲಿ ಮೀನು ದಡದ ಬಳಿಯೇ ಇರಬೇಕೆಂದಿಲ್ಲ. ನನ್ನ ಮೊದಲ ತಪ್ಪು ಇದೇ. ದುಬಾರಿ ಕೋಲು, ರೀಲು ಕೊಂಡು ಜಲಾಶಯವೊಂದರ ದಡದಲ್ಲಿ ಮೂರು ಗಂಟೆ ಕುಳಿತೆ. ಬೆಂಡು ಒಮ್ಮೆಯೂ ಅಲುಗಲಿಲ್ಲ. ಮಗಳು ಮೊದಲ ಅರ್ಧ ಗಂಟೆ ಬೆಂಡನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು ನೋಡತೊಡಗಿದಳು.

ಕಾವೇರಿಯ ಆಕರ್ಷಣೆ ಬಿಳಿ ಮೀನು, ಅಂದರೆ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಬೇಟೆಯ ಪ್ರಾಣಿಗಳ ಚರ್ಮ ಹದಮಾಡುವುದಕ್ಕೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗನ್ ಸೋದರರಲ್ಲೊಬ್ಬರು ಹಿಡಿದ 120 ಪೌಂಡಿನ ಮಹಶೀರ್ ಕಥೆ ಕೇಳಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಇವತ್ತು ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅತ್ಯಂತ ಗಂಭೀರ ಹಂತದಲ್ಲಿದೆ. ಕಾವೇರಿ ವನ್ಯಜೀವಿ ಅಭಯಾರಣ್ಯದೊಳಗೆ ಈಗ ಗಾಳ ಹಾಕುವಂತಿಲ್ಲ. ಸುಳಿ, ಜಾರುವ ಬಂಡೆ, ಮೊಸಳೆ ಇರುವ ದಡ ಅದು. ಮಕ್ಕಳೊಂದಿಗೆ ಭೀಮೇಶ್ವರಿಗೆ ಹೋಗುವುದಾದರೆ ಹೊಳೆ ನೋಡಲು ಹೋಗಿ, ಗಾಳವನ್ನು ಮನೆಯಲ್ಲಿ ಬಿಟ್ಟು ಹೋಗಿ.

ಖಾಸಗಿ ಹೊಂಡವೋ, ಹಳ್ಳಿಯ ಕೆರೆಯೋ

ನಿಜವಾದ ಆಯ್ಕೆ ಇರುವುದು ಇವೆರಡರ ನಡುವೆ.

ಗಂಟೆಗಿಷ್ಟು ಎಂದು ಹಣ ಪಡೆದು ಗಾಳ ಹಾಕಲು ಬಿಡುವ ಹೊಂಡಗಳು ನಗರದ ಹೊರವಲಯದಲ್ಲಿವೆ. ಅನುಮತಿಯ ತಲೆನೋವಿಲ್ಲ, ಶೌಚಾಲಯವಿರುತ್ತದೆ, ನೆರಳಿರುತ್ತದೆ, ಮೀನಂತೂ ಖಂಡಿತ ಇರುತ್ತದೆ. ನಾಲ್ಕು ವರ್ಷದ ಮಗುವಿನೊಂದಿಗೆ ಹೋಗುವವರಿಗೆ ಶೌಚಾಲಯ ಸಣ್ಣ ವಿಷಯವಲ್ಲ. ತೊಂದರೆ ಎಂದರೆ ಅಲ್ಲಿ ಸಾಕಿರುವುದು ಹೆಚ್ಚಾಗಿ ದೊಡ್ಡ ಕಾಟ್ಲಾ, ರೋಹು, ಗೆಂಡೆಮೀನು ಜಾತಿಯವು. ಮೂರು ಕೆ.ಜಿ. ಕಾಟ್ಲಾ ಎಳೆದರೆ ಮಗುವಿನ ಕೈಯಿಂದ ಕೋಲೇ ಹೋಗುತ್ತದೆ. ಕೊನೆಗೆ ಕೋಲು ಹಿಡಿಯುವುದು ಅಪ್ಪ, ಮಗು ಪಕ್ಕದಲ್ಲಿ ನಿಂತು ಫೋಟೊಕ್ಕೆ ನಗುವುದು. ಬುಕ್ ಮಾಡುವ ಮುನ್ನ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: ಸಣ್ಣ ಮೀನಿನ ಹೊಂಡ ಬೇರೆ ಇದೆಯೇ?

ಇನ್ನೊಂದು ವಿಷಯವನ್ನು ನಾನು ಒತ್ತಿ ಹೇಳಲೇಬೇಕು. ಹೊಂಡದ ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಡಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಇಂಥ ಹೊಂಡಗಳು ಎಲ್ಲೆಡೆ ಕಾಣುತ್ತವೆ. ರೈತರಿಗೆ ಅವು ವರ, ಆದರೆ ಒದ್ದೆ ಹಾಳೆಯ ಮೇಲೆ ಪಾಚಿ ಕಟ್ಟಿದ ಇಳಿಜಾರನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ, ಎಣ್ಣೆ ಸವರಿದಂತಿರುತ್ತದೆ. ಈಜು ಬಲ್ಲ ದೊಡ್ಡವರೇ ಅದನ್ನು ಹತ್ತಿ ಬರಲಾರರು. ಬಿದ್ದ ಮಗುವನ್ನು ತೆಗೆಯಲು ಇಳಿದವರೂ ಸಿಕ್ಕಿಕೊಳ್ಳುತ್ತಾರೆ. ಮಣ್ಣಿನ ದಂಡೆ, ಕಟ್ಟಿದ ಮೆಟ್ಟಿಲು ಅಥವಾ ಬೇಲಿಯಿರುವ ಮರದ ಅಟ್ಟ ಇದ್ದರೆ ಮಾತ್ರ ಒಪ್ಪಿಕೊಳ್ಳಿ.

ಹಳ್ಳಿಯ ಕೆರೆಯಲ್ಲಿ ಮೊದಲ ಕೆಲಸ ಅನುಮತಿ. ಮಾಗಡಿ, ದೊಡ್ಡಬಳ್ಳಾಪುರ, ಹೊಸಕೋಟೆ, ಕನಕಪುರದ ಕಡೆಯ ಯಾವ ಕೆರೆಯೂ ಯಾರದ್ದೂ ಅಲ್ಲದ್ದಲ್ಲ. ಮೀನಿನ ಹಕ್ಕು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರನಿಗೋ ಇರುತ್ತದೆ. ಅವರು ಮರಿ ಬಿಟ್ಟು ದುಡ್ಡು ಹಾಕಿರುತ್ತಾರೆ. ಊರಿನ ಟೀ ಅಂಗಡಿಯಲ್ಲಿ ಕೇಳಿದರೆ ಅವರ ಮನೆ ತೋರಿಸುತ್ತಾರೆ. ಮಕ್ಕಳಿಗಾಗಿ ಒಂದು ಬೆಳಗು, ಬಿದಿರುಕೋಲು, ಹಿಡಿಯುವುದು ಬಹುತೇಕ ಜಿಲೇಬಿ ಮತ್ತು ಸಣ್ಣ ಗೆಂಡೆ, ಕಾಟ್ಲಾ ಸಿಕ್ಕರೆ ನಿಮಗೇ ಎಂದು ಹೇಳಿದರೆ ನನಗೆ ಬೇಡವೆಂದವರು ಕಡಿಮೆ. ಒಬ್ಬರು ಬೇಡ ಎಂದರು, ನಾವು ವಾಪಸು ಬಂದೆವು. ಅವರ ಜೀವನೋಪಾಯ ಅದು.

ಕೆರೆಯಲ್ಲಿ ಎಲ್ಲಿ ಕೂರಬೇಕು ಎಂಬುದರಲ್ಲಿಯೇ ಎಲ್ಲವೂ ಇದೆ. ಏರಿಯ ಮೇಲೆ ಕೂರಬೇಡಿ. ಒಳಗಿನ ಕಲ್ಲುಕಟ್ಟು ಕಡಿದಾಗಿರುತ್ತದೆ, ತೂಬಿನ ಬಳಿ ಕೆರೆಯಲ್ಲೇ ಅತಿ ಹೆಚ್ಚು ಆಳ. ಕೋಡಿ ಹರಿಯುತ್ತಿದ್ದರೆ ಆ ಕಡೆ ಸುಳಿಯಲೂ ಬೇಡಿ. ಏರಿಯ ತುದಿ ಸಹಜ ನೆಲವನ್ನು ಕೂಡುವ ಮೂಲೆ, ದನ ನೀರು ಕುಡಿಯಲು ಇಳಿಯುವ ಜಾಗ, ಅದು ಮಕ್ಕಳಿಗೆ ಸರಿಯಾದದ್ದು. ದನ ಸಲೀಸಾಗಿ ಇಳಿಯುತ್ತಿದ್ದರೆ ನೆಲ ಗಟ್ಟಿಯಿದೆ, ಇಳಿಜಾರು ನಿಧಾನವಾಗಿದೆ ಎಂದು ಅರ್ಥ. ಆದರೂ ಮಕ್ಕಳಿಗಿಂತ ಮೊದಲು ನೀವು ಕೋಲಿನಿಂದ ಅಂಚನ್ನು ಅಳೆಯಿರಿ. ಹೂಳು ತೆಗೆದ ಗುಂಡಿ, ಇಟ್ಟಿಗೆಗೆ ಮಣ್ಣು ಅಗೆದ ಗುಂಡಿ ನೀರಿನಡಿ ಕಾಣುವುದಿಲ್ಲ. ಮಗುವಿಗೆ ಲೈಫ್ ಜಾಕೆಟ್ ತೊಡಿಸಿ, ದಡದಲ್ಲಿ ಕುಳಿತಿದ್ದರೂ ಸರಿ. ಒಬ್ಬ ದೊಡ್ಡವರಿಗೆ ಇಬ್ಬರಿಗಿಂತ ಹೆಚ್ಚು ಮಕ್ಕಳು ಬೇಡ. ಜೊತೆಗಿರುವ ದೊಡ್ಡವರಲ್ಲಿ ಒಬ್ಬರು ಗಾಳವನ್ನೇ ಮುಟ್ಟದೆ ಮಕ್ಕಳನ್ನು ಮಾತ್ರ ನೋಡುತ್ತಿರಬೇಕು.

ಹುಲ್ಲಿನಲ್ಲಿ ನೀರೊಳ್ಳೆ ಹಾವು ಕಂಡರೆ ಹೆದರುವುದು ಬೇಡ, ಅದಕ್ಕೆ ವಿಷವಿಲ್ಲ. ಆದರೆ ಕೊಳಕುಮಂಡಲವೂ ಅದೇ ಹುಲ್ಲಿನಲ್ಲಿರಬಹುದು. ಆದ್ದರಿಂದ ಮುಚ್ಚಿದ ಶೂ, ಉದ್ದ ಪ್ಯಾಂಟ್.

ಬಿದಿರುಕೋಲೋ, ರೀಲೋ

ಏಳು ವರ್ಷದವರೆಗೆ ಬಿದಿರುಕೋಲು. ಆರೇಳು ಅಡಿಯ ಹಗುರ ಕೋಲು, ಕೋಲಿನಷ್ಟೇ ಉದ್ದದ ನೈಲಾನ್ ದಾರ, 10 ಅಥವಾ 12ನೇ ನಂಬರಿನ ಸಣ್ಣ ಕೊಕ್ಕೆ, ಒಂದು ಕಾಳಷ್ಟು ಈಯದ ಗುಂಡು, ಬೆಂಡು. ಅಂಗಡಿಯ ಪ್ಲಾಸ್ಟಿಕ್ ಬೆಂಡಿಗಿಂತ ಒಣಗಿದ ಜೋಳದ ದಂಟಿನ ಬೆಂಡು ನನಗೆ ಇಷ್ಟ, ಗೆಂಡೆ ಮರಿ ಮೂತಿ ತಾಗಿಸಿದರೂ ಅದು ನಡುಗುತ್ತದೆ. ರೀಲಿನಲ್ಲಿ ದಾರ ಗಂಟಾಗುತ್ತದೆ, ಬೀಸಿದಾಗ ಕೊಕ್ಕೆ ಹಿಂದಿದ್ದವರ ಕಿವಿಗೆ ಹೋಗುತ್ತದೆ. ಎಂಟು ದಾಟಿದ ಮೇಲೆ, ಟ್ರೌಟ್‌ಗೆ ಹೋಗುವ ಯೋಚನೆಯಿದ್ದರೆ, ಮೈದಾನದಲ್ಲಿ ಕೊಕ್ಕೆಯಿಲ್ಲದೆ ಬರಿಯ ಗುಂಡು ಕಟ್ಟಿ ಒಂದು ವಾರ ಎಸೆಯಲು ಕಲಿಸಿ, ಆಮೇಲೆ ರೀಲು ಕೊಡಿ. ಯಾವ ಕೋಲಾದರೂ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಬಿಡಿ. ಮೀನಿನ ಬಾಯಿಂದಲೂ ಮಗುವಿನ ಬೆರಳಿನಿಂದಲೂ ಸುಲಭವಾಗಿ ಬರುತ್ತದೆ. ಎಲ್ಲರಿಗೂ ಟೊಪ್ಪಿಗೆ ಮತ್ತು ಕನ್ನಡಕ ಇರಲಿ. ಹಾರುವ ಕೊಕ್ಕೆಯಿಂದ ಕಣ್ಣು ಉಳಿಯಬೇಕು.

ಎರೆಹುಳುವಿಗೆ ಮೀನು ಬೇಗ ಬರುತ್ತದೆ, ಆದರೆ ಅದರೊಂದಿಗೆ ಬೇಡದವರೂ ಬರುತ್ತಾರೆ. ಚೇಳು ಮೀನಿನ ಪಕ್ಕದ ಮುಳ್ಳಿಗೆ ವಿಷವಿದೆ, ಚುಚ್ಚಿದರೆ ದೊಡ್ಡವರೂ ಅಳುತ್ತಾರೆ. ಮೀಸೆಯಿರುವ ಮೀನನ್ನು ಮಕ್ಕಳು ಮುಟ್ಟಲೇಬಾರದು ಎಂಬುದು ನಮ್ಮ ನಿಯಮ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಆ ಭಾಗವನ್ನು ಅದ್ದಿ ಹಿಡಿದು ವೈದ್ಯರ ಬಳಿ ಹೋಗಿ. ಇದಕ್ಕಾಗಿಯೇ ನಾನು ಸಣ್ಣವರಿಗೆ ರಾಗಿ ಹಿಟ್ಟನ್ನೇ ಕೊಡುತ್ತೇನೆ. ರಾತ್ರಿ ಉಳಿದ ಮುದ್ದೆಯ ಗಟ್ಟಿ ತುಂಡಿಗೆ ಒಂದು ಚಮಚ ಮೈದಾ, ಚಿಟಿಕೆ ಹುರಿದ ಕಡಲೆಕಾಯಿ ಪುಡಿ ಸೇರಿಸಿ ನಾದಬೇಕು. ಬಟಾಣಿಯಷ್ಟು ಉಂಡೆಯನ್ನು ಹೆಬ್ಬೆರಳ ಉಗುರಿಗೆ ಒತ್ತಿ ನೀರಿನಲ್ಲಿ ಮುಳುಗಿಸಿ ಹತ್ತು ಎಣಿಸಿ. ಕಳಚಿ ಹೋಗದಿದ್ದರೆ ಹದ ಬಂದಿದೆ. ಈ ಪರೀಕ್ಷೆ ಮಾಡುವುದು ನನ್ನ ಮಗಳ ಕೆಲಸ. ಅವಳು ಎಂಟರವರೆಗೆ ಎಣಿಸಿ ನಿಲ್ಲಿಸಿ, ನನ್ನನ್ನು ನೋಡಿ, ಆಮೇಲೆ ಒಂಬತ್ತು, ಹತ್ತು ಎನ್ನುತ್ತಾಳೆ.

ಜಿಲೇಬಿ ಕೂಡ ಟ್ರೌಟ್‌ನಂತೆ ಹೊರಗಿನಿಂದ ಬಂದದ್ದೇ, 1952ರಲ್ಲಿ ಭಾರತಕ್ಕೆ ತಂದದ್ದು. ತಾಯಿ ಜಿಲೇಬಿ ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಿಯೊಳಗೆ ಇಟ್ಟುಕೊಂಡು ಕಾಯುತ್ತದೆ. ಇದನ್ನು ಮಕ್ಕಳಿಗೆ ದಡದಲ್ಲೇ ಹೇಳಿ. ಬಾಯಿ ತುಂಬ ಮರಿಯಿದ್ದ ಮೀನೊಂದನ್ನು ನೋಡಿದ ದಿನ ಮಗಳು ಗಾಳ ಮಡಚಿಡಿಸಿದಳು.

ಯಾವಾಗ, ಎಷ್ಟು ಹೊತ್ತು

ಬೇಸಿಗೆಯಲ್ಲಿ ಆರಕ್ಕೆ ಶುರು, ಎಂಟೂವರೆಗೆ ಮುಗಿಸಿ. ಡಿಸೆಂಬರ್, ಜನವರಿಯಲ್ಲಿ ಆರಕ್ಕೆ ಮಗುವನ್ನು ಎಬ್ಬಿಸಿ ಪ್ರಯೋಜನವಿಲ್ಲ. ಜಿಲೇಬಿ ಬೆಚ್ಚನೆ ನೀರಿನ ಮೀನು, ಬಿಸಿಲು ದಡಕ್ಕೆ ತಾಗಿ ಎಂಟೂವರೆ ಆದ ಮೇಲೆಯೇ ಅದು ಚುರುಕಾಗುವುದು. ಟ್ರೌಟ್‌ನದು ಇದಕ್ಕೆ ಪೂರ್ತಿ ವಿರುದ್ಧ, ತಣ್ಣನೆಯ ಮುಂಜಾವೇ ಅದರ ಹೊತ್ತು. ಮಳೆ ಶುರುವಾದ ವಾರಗಳಲ್ಲಿ ಮೀನು ಮೊಟ್ಟೆಯಿಡುತ್ತದೆ, ದಂಡೆಯೂ ಕೆಸರು. ಆಗ ಹೋಗಬೇಡಿ.

ಸಣ್ಣ ಮಕ್ಕಳಿಗೆ ಒಂದು ಗಂಟೆ ಸಾಕು. ಮೀನು ಕಚ್ಚುತ್ತಿರುವಾಗಲೇ ಎದ್ದುಬಿಡಿ, ಆಗ ಮುಂದಿನ ಭಾನುವಾರ ಮಗುವೇ ಕೇಳುತ್ತದೆ. ಹೊರಡುವ ಮುನ್ನ ಸೋಪಿನಿಂದ ಕೈ ತೊಳೆಸಿ, ಆಮೇಲೆ ತಿಂಡಿ. ತುಂಡಾದ ನೈಲಾನ್ ದಾರದ ಒಂದು ಗೇಣನ್ನೂ ದಡದಲ್ಲಿ ಬಿಡಬೇಡಿ, ಕೊಕ್ಕರೆಯ ಕಾಲಿಗೆ ಸುತ್ತಿಕೊಂಡರೆ ಅದು ಬಿಡಿಸಿಕೊಳ್ಳಲಾರದು. ನಾವು ಹಳೆಯ ಪೆಪ್ಪರ್‌ಮಿಂಟ್ ಡಬ್ಬಿಯೊಂದನ್ನು ಇದಕ್ಕೆಂದೇ ಇಟ್ಟಿದ್ದೇವೆ. ಯಾರ ಬಳಿ ಹೆಚ್ಚು ತುಂಡು ಸಿಕ್ಕಿತು ಎಂದು ಇಬ್ಬರೂ ಕಾರಿನ ಬಾಗಿಲ ಬಳಿ ನಿಂತು ಲೆಕ್ಕ ಹಾಕುತ್ತಾರೆ.